ಮಳೆಗಾಲದಲ್ಲಿ ಮಾಡು ನೋಡಿ, ಬೇಸಿಗೆಯಲ್ಲಿ ಬಾವಿ ನೋಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಮನೆ ಕೊಂಡು ನೋಡು ಅಂತ ಯಾರೂ ಹೇಳಲಿಲ್ಲ. ಆಗ ಮನೆ ಕೊಳ್ಳುವವರೇ ಕಡಿಮೆ. ಅಜ್ಜ ಕಟ್ಟಿದ ಮನೆಯಲ್ಲಿ ಅಪ್ಪ ಇದ್ದ, ಅಪ್ಪನ ನಂತರ ಮಗ ಇದ್ದ. ಮಾಡು, ಅಂದರೆ ಮನೆಯ ಚಾವಣಿ, ಎಲ್ಲಿ ಸೋರುತ್ತದೆ, ಹೆಂಚು ಹೊರುವ ಯಾವ ಪಕಾಸಿಗೆ ಒರಲೆ (ಗೆದ್ದಲು) ಹತ್ತಿದೆ, ಬಾವಿ ಯಾವ ತಿಂಗಳು ತಳ ಕಾಣುತ್ತದೆ ಅನ್ನುವುದು ಮನೆಯ ಮಕ್ಕಳಿಗೂ ಗೊತ್ತಿತ್ತು. ಈಗ ಕೈಗಾಕ್ಕೆ, ನೌಕಾನೆಲೆಗೆ ಕೆಲಸಕ್ಕೆ ಬಂದವರು ಕಾರವಾರದಲ್ಲಿ ಮನೆ ಹುಡುಕುತ್ತಾರೆ. ಬೆಂಗಳೂರು, ಮುಂಬೈಯಲ್ಲಿ ದುಡಿದವರು ಊರಿಗೆ ಮರಳಬೇಕು ಅಂತ ಕುಮಟಾದಲ್ಲೋ ಶಿರಸಿಯಲ್ಲೋ ಒಂದು ಮನೆ ನೋಡುತ್ತಾರೆ. ನೋಡುತ್ತಾರೆ ಅಂದರೆ ವಾಟ್ಸಾಪ್‌ನಲ್ಲಿ ನೋಡುತ್ತಾರೆ. ನಾಲ್ಕು ಫೋಟೊ, ಒಂದು ವಿಡಿಯೊ, ಮರುದಿನ ಅಡ್ವಾನ್ಸ್.

ನಾನು ಸಿವಿಲ್ ಎಂಜಿನಿಯರ್. ಸರ್ಕಾರಿ ನೌಕರಿ ಮುಗಿಸಿದ ಮೇಲೆ, ಮನೆ ಕೊಳ್ಳುವವರ ಪರವಾಗಿ ಮನೆ ನೋಡಿ ವರದಿ ಬರೆದುಕೊಡುವ ಕೆಲಸ ಮಾಡುತ್ತಿದ್ದೇನೆ. ಇದನ್ನು ಯಾಕೆ ಹಿಡಿದೆ ಅಂತ ಮೊದಲು ಹೇಳಿಬಿಡುತ್ತೇನೆ. ನಗಬೇಡಿ.

ಬಹಳ ವರ್ಷಗಳ ಹಿಂದೆ ಕಾರವಾರದಲ್ಲಿ ನಾನೇ ಒಂದು ಮನೆ ಕೊಂಡೆ. ಸ್ಲ್ಯಾಬ್ ಮನೆ, ಹೊಸ ಬಣ್ಣ, ಅಂಗಳದಲ್ಲಿ ಎರಡು ತೆಂಗಿನಮರ. ಡಿಸೆಂಬರ್ ತಿಂಗಳು, ತಂಪಾದ ಗಾಳಿ. ಯಾರಿಗೆ ಇಷ್ಟವಾಗುವುದಿಲ್ಲ ಹೇಳಿ? ಎಂಜಿನಿಯರ್ ಅನ್ನುವ ಧಿಮಾಕು ಬೇರೆ. ಗೋಡೆ ತಟ್ಟಿದೆ, ಸುತ್ತ ಒಂದು ಸಲ ತಿರುಗಿದೆ, ಆಯಿತು ಅಂದೆ. ಎರಡನೇ ಮಳೆಗಾಲದ ಒಂದು ರಾತ್ರಿ ದಡ್ ಅಂತ ಶಬ್ದ. ಮಗಳು ಓದುವ ಮೇಜಿನ ಮೇಲೆ ತಟ್ಟೆಯಷ್ಟು ಅಗಲದ ಸಿಮೆಂಟ್ ಚಕ್ಕೆ ಬಿದ್ದಿತ್ತು. ಪುಣ್ಯಕ್ಕೆ ಅವಳು ಮಲಗಿದ್ದಳು. ಬ್ಯಾಟರಿ ಹಿಡಿದು ಮೇಲೆ ನೋಡಿದರೆ ಸರಳು ಕೆಂಪಗೆ ತುಕ್ಕು ಹಿಡಿದು ಪದರ ಪದರವಾಗಿ ಎದ್ದಿದೆ. ಆಮೇಲೆ ತಿಳಿಯಿತು, ಆ ಸ್ಲ್ಯಾಬಿಗೆ ಹಾಕಿದ್ದು ಹೊಳೆ ಸಮುದ್ರ ಸೇರುವ ಅಳಿವೆಯ ಉಪ್ಪು ಮರಳು. ಸರಿಯಾಗಿ ತೊಳೆದೂ ಇರಲಿಲ್ಲ. ನಮ್ಮ ಮನೆಯವಳು ಒಂದೇ ಮಾತು ಹೇಳಿದಳು: "ಊರಿನ ಮೋರಿ, ಸೇತುವೆ ಎಲ್ಲ ನೋಡ್ತೀರಿ. ಮಲಗೋ ಕೋಣೆಯ ಮಾಡು ನೋಡ್ಲಿಲ್ವಾ?"

ಮಾರಿದವರನ್ನು ನಾನು ದೂರುವುದಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ. ಆದರೆ ಕಾನೂನು ಏನು ಹೇಳುತ್ತದೆ ಅನ್ನುವುದು ನಿಮಗೆ ಗೊತ್ತಿರಲಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಇದೆ. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ಇದ್ದು, ಅದು ಮಾರುವವನಿಗೆ ಗೊತ್ತಿದ್ದರೆ, ಅವನು ಹೇಳಲೇಬೇಕು. ಅಂದರೆ, ನೋಡಿದರೆ ಕಾಣುವ ದೋಷವನ್ನು ನೀವು ನೋಡದೇ ಹೋದರೆ ಅದು ನಿಮ್ಮ ಹಣೆಬರಹ. ಬಿಲ್ಡರ್ ಕಟ್ಟಿದ, ರೇರಾ ಅನ್ನುವ ರಿಯಲ್ ಎಸ್ಟೇಟ್ ಕಾಯ್ದೆಗೆ ಒಳಪಟ್ಟ ಹೊಸ ಫ್ಲ್ಯಾಟ್ ಆದರೆ ಬೇರೆ. ಅಲ್ಲಿ ಕಟ್ಟಡದ ದೋಷಕ್ಕೆ 5 ವರ್ಷ ಬಿಲ್ಡರೇ ಹೊಣೆ. ಒಬ್ಬರು ಇದ್ದು ಬಿಟ್ಟ ಮನೆಗೆ ಆ ರಕ್ಷಣೆ ಇಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೈ ಬದಲಾಗುವುದು ಜಾಸ್ತಿ ಅಂಥ ಮನೆಗಳೇ.

ಬ್ಯಾಂಕಿನವರು ಬಂದು ನೋಡಿದ್ದಾರಲ್ಲ, ಇನ್ನೇನು ಬೇಕು ಅಂತ ಬಹಳ ಜನ ಕೇಳುತ್ತಾರೆ. ಬ್ಯಾಂಕಿನವರು ನಿಮಗಾಗಿ ನೋಡುವುದಿಲ್ಲ ಮಾರಾಯ್ರೇ, ಅವರ ಸಾಲಕ್ಕಾಗಿ ನೋಡುತ್ತಾರೆ. ನಾಳೆ ನೀವು ಕಂತು ಕಟ್ಟದಿದ್ದರೆ ಈ ಜಾಗ ಮಾರಿ ದುಡ್ಡು ಎತ್ತಬಹುದೇ ಅನ್ನುವುದು ಅವರ ಲೆಕ್ಕ. ಅದು ಬೆಲೆ ಕಟ್ಟುವ ಕೆಲಸ, ಮನೆ ತಪಾಸಣೆ ಅಲ್ಲ. ಅವರ ವರದಿಯಲ್ಲಿ ಅಟ್ಟದ ಮೇಲಿನ ಒರಲೆ ಬರುವುದಿಲ್ಲ.

ಹಾಗಾದರೆ ಯಾರನ್ನು ಕರೆಯಬೇಕು? ಇಲ್ಲೇ ತೊಡಕು. ವಕೀಲರಿಗೆ ಸನದು ಇದೆ, ಡಾಕ್ಟರಿಗೆ ನೋಂದಣಿ ಇದೆ. ಮನೆ ತಪಾಸಣೆ ಮಾಡುವವನಿಗೆ ಅಂತ ನಮ್ಮ ದೇಶದಲ್ಲಿ ಪ್ರತ್ಯೇಕ ಲೈಸೆನ್ಸ್ ಇಲ್ಲ. ಯಾರು ಬೇಕಾದರೂ ಕಾರ್ಡು ಅಚ್ಚು ಹಾಕಿಸಬಹುದು. ಆದ್ದರಿಂದ ನಾನು ಡಿಗ್ರಿಗಿಂತ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಈ ಮನೆ ಮಾರಾಟವಾದರೆ ಇವನಿಗೆ ಏನಾದರೂ ಸಿಗುತ್ತದೆಯೇ? ಮಾರಾಟವಾಗದಿದ್ದರೆ ಏನಾದರೂ ಹೋಗುತ್ತದೆಯೇ?

ದಲಾಲಿ ಮಾಡುವವರು "ನಮ್ಮದೇ ಒಬ್ಬ ಎಂಜಿನಿಯರ್ ಇದ್ದಾನೆ, ಫ್ರೀಯಾಗಿ ನೋಡ್ತಾನೆ" ಅನ್ನುತ್ತಾರೆ. ಅವನಿಗೆ ಮುಂದಿನ ಹತ್ತು ಕೆಲಸ ಬರಬೇಕಾದದ್ದು ಆ ದಲಾಲಿಯಿಂದ. ನಿಮ್ಮಿಂದ ಬರುವುದು ಇದೊಂದೇ. ಅವನು ಯಾರ ಮಾತು ಕೇಳುತ್ತಾನೆ? ಇನ್ನೊಂದು ಜಾತಿ ಇದೆ. ಅವರು ದೋಷ ಮುಚ್ಚುವುದಿಲ್ಲ, ಹುಟ್ಟಿಸುತ್ತಾರೆ. ವಾಟರ್‌ಪ್ರೂಫಿಂಗ್ ಮಾಡುವವನನ್ನು ಮನೆ ನೋಡಲು ಕರೆದರೆ ಅವನಿಗೆ ಕಾಣುವುದೆಲ್ಲ ಸೋರಿಕೆಯೇ. ಒರಲೆಗೆ ಔಷಧಿ ಹೊಡೆಯುವವನನ್ನು ಕರೆದರೆ ಬಾಗಿಲಿನ ಗೂಟದಲ್ಲೂ ಒರಲೆ. ತಪ್ಪೇನಿಲ್ಲ, ಅದು ಅವನ ಅನ್ನ. ತಪಾಸಣೆ ಮಾಡಿದವನೇ ರಿಪೇರಿಯ ಕೊಟೇಶನ್ನೂ ಕೊಟ್ಟರೆ ಎರಡನ್ನೂ ಬದಿಗಿಡಿ.

ಫೀಸು ಮೊದಲೇ ಮಾತಾಡಿ, ವ್ಯವಹಾರ ಕುದುರಲಿ ಬಿಡಲಿ, ಅಷ್ಟನ್ನೂ ಕೊಟ್ಟುಬಿಡಿ. ಬೆಲೆಯ ಮೇಲೆ ನೂರಕ್ಕೆ ಇಷ್ಟು ಅಂತ ಕೇಳುವವನು ಬೇಡ. 40 ಲಕ್ಷದ ಮನೆಗೆ ನೂರಕ್ಕೆ 5ರಂತೆ ಮುದ್ರಾಂಕ ಶುಲ್ಕ ಅಂತ 2 ಲಕ್ಷ ಒಂದು ಮಾತಾಡದೆ ಕಟ್ಟುತ್ತೇವೆ. ತಪಾಸಣೆಯವನ ಕೂಲಿ ಬಂದಾಗ ಮಾತ್ರ ಮೀನು ಮಾರ್ಕೆಟಿನ ಚೌಕಾಸಿ ಶುರು. ನನ್ನ ಹೊಟ್ಟೆಪಾಡಿನ ಮಾತು ಅಂದುಕೊಳ್ಳಬೇಡಿ... ಸರಿ, ಸ್ವಲ್ಪ ಹಾಗೇ ಅಂದುಕೊಳ್ಳಿ.

ಅವನು ಹಿಂದೆ ಬರೆದ ಒಂದು ವರದಿಯನ್ನು ಹೆಸರು ಅಳಿಸಿ ತೋರಿಸು ಅಂತ ಕೇಳಿ. ಅದರಲ್ಲಿ ನಾನು ಹುಡುಕುವುದು ಒಂದೇ ಭಾಗ. ಏನನ್ನು ನೋಡಲು ಆಗಲಿಲ್ಲ ಅಂತ ಬರೆದಿದ್ದಾನೆಯೇ? "ಅಟ್ಟದ ಪೂರ್ವದ ಭಾಗದಲ್ಲಿ ಅಡಿಕೆ ಚೀಲ ತುಂಬಿತ್ತು, ಅಲ್ಲಿಯ ಪಕಾಸು ನೋಡಿಲ್ಲ." "ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆಯಲು ಆಗಲಿಲ್ಲ." ಹೀಗೆ ಬರೆಯುವವನನ್ನು ನಂಬಬಹುದು. ಎಲ್ಲ ನೋಡಿದ್ದೇನೆ, ಎಲ್ಲ ಸರಿ ಇದೆ ಅನ್ನುವ ಒಂದು ಪುಟದ ವರದಿ ಬಾಯಿಮಾತಿಗೆ ಸಮ. ಹಾಗೇ, ನೀವೂ ಜೊತೆಗೆ ಬನ್ನಿ ಅಂತ ಅವನೇ ಕರೆಯಬೇಕು. ನೀವು ಬಂದರೆ ಅಡ್ಡಿಯಾಗುತ್ತದೆ ಅನ್ನುವವನು ಬೇಡ.

ಈಗ ನಮ್ಮ ನೆಲಕ್ಕೆ ಬರೋಣ. ಹೊರಗಿನಿಂದ ಬರುವ ತಪಾಸಣೆಯವರಲ್ಲಿ ಒಳ್ಳೆಯವರಿದ್ದಾರೆ. ತೇವ ಅಳೆಯುವ ಮೀಟರ್ ಇದೆ, ಶಾಖ ತೋರಿಸುವ ಕ್ಯಾಮೆರಾ ಇದೆ. ಆದರೆ ಬೆಂಗಳೂರಿನಲ್ಲಿ ವರ್ಷಕ್ಕೆ 1000 ಮಿಲಿಮೀಟರ್ ಆಸುಪಾಸು ಮಳೆ. ಕಾರವಾರದಲ್ಲಿ 3000ಕ್ಕಿಂತ ಜಾಸ್ತಿ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಲ್ಲಿಯ ಪಟ್ಟಿ ಹಿಡಿದು ಇಲ್ಲಿಯ ಮನೆ ನೋಡಿದರೆ ಅರ್ಧ ಕಾಣುವುದಿಲ್ಲ.

ಮೊದಲನೆಯದು ಉಪ್ಪು. ಕಾಂಕ್ರೀಟಿನ ಒಳಗೆ ಕಬ್ಬಿಣ ಸುರಕ್ಷಿತವಾಗಿ ಮಲಗಿರುತ್ತದೆ. ಉಪ್ಪು ಒಳಗೆ ಇಳಿಯಿತು ಅಂದರೆ ಎದ್ದು ಕೂರುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಎರಡರಿಂದ ಆರು ಪಟ್ಟು. ಆ ಒತ್ತಡಕ್ಕೆ ಕೆಳಗಿನ ಸಿಮೆಂಟ್ ಒಡೆದು ಉದುರುತ್ತದೆ. ಅದಕ್ಕೇ ಐಎಸ್ 456 ಅನ್ನುವ ನಮ್ಮ ಕಾಂಕ್ರೀಟ್ ಸಂಹಿತೆಯಲ್ಲಿ ಸಾಧಾರಣ ಜಾಗಕ್ಕೆ ಸರಳಿನ ಮೇಲೆ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ, ಅಂದರೆ ಕವರ್, ಸಾಕು ಅಂದರೆ, ಸಮುದ್ರದ ಗಾಳಿಗೆ ಮೈಯೊಡ್ಡಿದ ಕಡೆ 45 ಬೇಕು ಅನ್ನುತ್ತದೆ. ನಮ್ಮ ಹಳೆ ಮನೆಗಳ ಸ್ಲ್ಯಾಬಿನಲ್ಲಿ ಒಂದು ಬೆರಳಿನ ದಪ್ಪವೂ ಇರುವುದಿಲ್ಲ.

ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ. ಸ್ಲ್ಯಾಬಿನ ಕೆಳಗೆ ನಿಂತು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಒಳಗೆ ಬಿಟ್ಟ ಕಡೆ ಡಬ್ ಅನ್ನುತ್ತದೆ. ಮಾರುಕಟ್ಟೆಯಲ್ಲಿ ಹಲಸಿನಹಣ್ಣು ತಟ್ಟಿ ಆರಿಸುತ್ತೇವಲ್ಲ, ಅದೇ ಕಿವಿ. ಬಿರುಕು ಅಡ್ಡಾದಿಡ್ಡಿ ಕೂದಲೆಳೆಯಂತಿದ್ದರೆ ಅದು ಪ್ಲಾಸ್ಟರಿನದು, ಬಿಡಿ. ಗೆರೆ ಎಳೆದಂತೆ ನೇರವಾಗಿ, ಸರಳಿನ ದಾರಿಯಲ್ಲೇ ಹೋಗಿದ್ದರೆ, ಅಂಚಿನಲ್ಲಿ ಕಂದು ಕಲೆ ಇದ್ದರೆ, ಅಲ್ಲಿ ನಿಲ್ಲಿ. ಇನ್ನೂ ಅನುಮಾನ ಇದ್ದರೆ ಕವರ್ ಅಳೆಯುವ ಮೀಟರ್, ತುಕ್ಕಿನ ಸಾಧ್ಯತೆ ನೋಡುವ ಪರೀಕ್ಷೆ ಎಲ್ಲ ಇದೆ. ಎಲ್ಲ ಮನೆಗೂ ಬೇಕಿಲ್ಲ.

ಸ್ಲ್ಯಾಬಿನ ಮೇಲೆ ತಗಡಿನ ಮಾಡು ಹಾಕಿದ ಮನೆಗಳು ನಮ್ಮಲ್ಲಿ ಸಾಲು ಸಾಲು. ಒಳ್ಳೆಯದೇ, ಅಡಿಕೆ, ಬಟ್ಟೆ ಒಣಗುತ್ತದೆ. ಆದರೆ ಒಂದು ಪ್ರಶ್ನೆ ಕೇಳಿ: ಸೋರಲು ಶುರುವಾದ ಮೇಲೆ ಹಾಕಿದ್ದೋ, ಸೋರಬಾರದು ಅಂತ ಮೊದಲೇ ಹಾಕಿದ್ದೋ? ಉತ್ತರ ಕೇಳಿ ಸುಮ್ನೆ ತಲೆ ಆಡಿಸಬೇಡಿ. ಮೇಲೆ ಹತ್ತಿ ಹಳೆ ಸ್ಲ್ಯಾಬ್ ನೋಡಿ. ಡಾಂಬರು ಬಳಿದ ಗುರುತು, ಮೂರು ಬಗೆಯ ಸಿಮೆಂಟಿನ ತೇಪೆ ಇದ್ದರೆ ಉತ್ತರ ಅಲ್ಲೇ ಬರೆದಿರುತ್ತದೆ.

ಹೆಂಚಿನ ಮನೆಗೆ ಈ ತಾಪತ್ರಯ ಇಲ್ಲ. ಅಲ್ಲಿ ಮರ ನೋಡಬೇಕು. ಒಡೆದ ಹೆಂಚು ಬದಲಾಯಿಸುವುದು ಒಂದು ದಿನದ ಕೆಲಸ. ಪಕಾಸು, ರೀಪು ಹೋಗಿದ್ದರೆ ಮಾಡನ್ನೇ ಇಳಿಸಬೇಕು. ತೊಲೆ ಗೋಡೆಯೊಳಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಒಳಗೆ ಹೋಯಿತೋ, ಒರಲೆ ಊಟ ಮುಗಿಸಿ ಎದ್ದಿದೆ ಅಂತ ಅರ್ಥ. ಹಳೆ ಮರಕ್ಕೆ ಹೊಸ ಬಣ್ಣ ಹಚ್ಚಿದ್ದರೆ ನನಗೆ ಮೊದಲು ಅಲ್ಲೇ ಚುಚ್ಚಬೇಕು ಅನ್ನಿಸುತ್ತದೆ.

ಗೋಡೆಯ ವಿಷಯ. ಕರಾವಳಿಯಲ್ಲಿ ಚಿರೆಕಲ್ಲು, ಘಟ್ಟದ ಮೇಲಿನವರು ಜಂಬಿಟ್ಟಿಗೆ ಅನ್ನುತ್ತೀರಿ. ಒಳ್ಳೆಯ ಕಲ್ಲು ಗಾಳಿಗೆ ಇನ್ನೂ ಗಟ್ಟಿಯಾಗುತ್ತದೆ. ಮಣ್ಣು ಜಾಸ್ತಿ ಇರುವ ಕಲ್ಲು ನೀರು ಕುಡಿಯುತ್ತದೆ. ಪಡುವಣ ಗೋಡೆಯನ್ನು ಒಳಗಿನಿಂದ ನೋಡಿ, ಮಳೆ ಹೊಡೆಯುವುದು ಆ ಕಡೆಯಿಂದ. ಕಪಾಟು ಸರಿಸಿ ನೋಡಿ. ಸಲ್ಲದ ಜಾಗದಲ್ಲಿ ಕ್ಯಾಲೆಂಡರ್ ತೂಗಿದ್ದರೆ ಅದನ್ನು ಎತ್ತಿ ನೋಡಿ. ಒಮ್ಮೆ ಅಂಕೋಲಾ ಕಡೆ ಒಂದೇ ಗೋಡೆಗೆ ಐದು ಕ್ಯಾಲೆಂಡರ್ ಇತ್ತು, ಅದರಲ್ಲಿ ಎರಡು ಹಿಂದಿನ ವರ್ಷದ್ದು. ಹಿಂದೆ ಇಡೀ ಗೋಡೆ ಬೂಷ್ಟು.

ಇನ್ನು ಮನೆಯ ಹಿಂದಿನ ಧರೆ, ಅಂದರೆ ಕಡಿದ ಗುಡ್ಡದ ಅಂಚು. ಇದನ್ನು ತಮಾಷೆ ಮಾಡದೆ ಹೇಳುತ್ತೇನೆ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದದ್ದು ನಿಮ್ಮ ಕಣ್ಣ ಮುಂದೆಯೇ ಇದೆ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಚಿರೆಕಲ್ಲು, ಎಷ್ಟೋ ಕಡೆ ಅದರ ಕೆಳಗೆ ಮೆತ್ತನೆಯ ಬಿಳಿ ಶೇಡಿ ಮಣ್ಣು. ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿದಾಗ ಬೆಣ್ಣೆ. ಜಾಗ ಸಮ ಮಾಡಲು ಜೆಸಿಬಿ ತಂದು ಧರೆಯನ್ನು ನೆಟ್ಟಗೆ ಕಡಿದು, ಅದರ ಬುಡಕ್ಕೇ ಅಡುಗೆಮನೆ ಕಟ್ಟಿದ ಮನೆಗಳನ್ನು ವರ್ಷ ವರ್ಷ ನೋಡುತ್ತೇನೆ. ಒಳಗೆ ಗ್ರಾನೈಟ್, ಮಾಡ್ಯುಲರ್ ಕಿಚನ್. ಕಿಟಕಿ ತೆರೆದರೆ ಎರಡಾಳೆತ್ತರದ ಬಿಳಿ ಮಣ್ಣು.

ಧರೆಯ ಮೇಲೆ ಹತ್ತಿ ನೋಡಬೇಕು. ಮೇಲಿನ ನೀರು ಬದಿಗೆ ಹೋಗಲು ಅಗಳ ಇದೆಯೇ? ನೆಲ ಬಿರಿದಿದೆಯೇ? ಮರಗಳು ವಾಲಿವೆಯೇ? ಬುಡದಲ್ಲಿ ಮಳೆಗಾಲದಲ್ಲಿ ಒರತೆ ಏಳುತ್ತದೆಯೇ ಅಂತ ಪಕ್ಕದ ಮನೆಯವರನ್ನು ಕೇಳಿ. ಮಾರುವವರನ್ನಲ್ಲ, ಪಕ್ಕದ ಮನೆಯವರನ್ನು. ಧರೆಯ ಮಣ್ಣು ತಡೆಯುವ ಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ತೂತು ಇದೆಯೇ ನೋಡಿ. ತೂತಿಲ್ಲದ ಗೋಡೆ ಮಣ್ಣಿನ ಜೊತೆ ನೀರನ್ನೂ ಹೊತ್ತು ನಿಂತಿರುತ್ತದೆ, ಒಂದು ದಿನ ಕೈಚೆಲ್ಲುತ್ತದೆ. ಬಣ್ಣ, ಟೈಲ್ಸ್, ಸೋರಿಕೆ ಎಲ್ಲವನ್ನೂ ದುಡ್ಡು ಸರಿ ಮಾಡುತ್ತದೆ. ಅಪಾಯದ ಧರೆ ಇದ್ದರೆ ನಾನು ಬೆಲೆ ಇಳಿಸಿ ಕೊಳ್ಳಿ ಅನ್ನುವುದಿಲ್ಲ, ಬೇಡ ಅಂತಲೇ ಬರೆಯುತ್ತೇನೆ.

ಬಾವಿ. ಜನವರಿಯಲ್ಲಿ ಎಲ್ಲ ಬಾವಿಯೂ ಒಳ್ಳೆಯ ಬಾವಿಯೇ. ಅಘನಾಶಿನಿ, ಗಂಗಾವಳಿ, ಕಾಳಿ, ಶರಾವತಿ ಯಾವುದರ ಅಳಿವೆಯ ಪಕ್ಕವೇ ಇರಲಿ, ಉಪ್ಪುನೀರು ಏರುವ ತಗ್ಗು ಗದ್ದೆ ಗಜನಿಯ ಅಂಚೇ ಇರಲಿ, ಏಪ್ರಿಲ್ ಕೊನೆಗೆ ಬಾಯಿಗೆ ಹಾಕಿ ನೋಡಿ. ಲ್ಯಾಬಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಚೆನ್ನ. ಪಾಯಖಾನೆಯ ಇಂಗುಗುಂಡಿ ಬಾವಿಯಿಂದ 18 ಮೀಟರ್ ದೂರ ಇರಬೇಕು ಅಂತ ನಿಯಮ. 18 ಮೀಟರ್ ಅಂದರೆ 59 ಅಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ಈಗ ನೀವೇ ಲೆಕ್ಕ ಹಾಕಿ, ಮೂರು ಗುಂಟೆಯಲ್ಲಿ ಮನೆ, ಬಾವಿ, ಗುಂಡಿ ಮೂರನ್ನೂ ಕೂರಿಸಿದವನು ಎಂಥ ಜಾದೂಗಾರ! ಪಕ್ಕದವರ ಗುಂಡಿ ನಿಮ್ಮ ಬಾವಿಯ ಹತ್ತಿರ ಇರಬಹುದು, ಅದನ್ನೂ ಅಳೆಯಿರಿ. ಕಾಂಪೌಂಡ್ ಇದೆ ಅಂತ ನೀರು ನಿಲ್ಲುವುದಿಲ್ಲ.

ವೈರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲ ಸ್ವಿಚ್ ಆರಿಸಿ ಮೀಟರ್ ಓಡುತ್ತದೆಯೇ ನೋಡಿ. ಶಾಕ್ ಹೊಡೆದರೆ ಕರೆಂಟ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ನೋಡಿ. ಅರ್ತಿಂಗ್ ಅನ್ನು ಬೇಸಿಗೆಯಲ್ಲಿ ಅಳೆಸಿ, ಚಿರೆಕಲ್ಲಿನ ನೆಲ ಒಣಗಿದಾಗ ಅದು ಕೈಕೊಡುತ್ತದೆ.

ಕಾಗದಪತ್ರ ವಕೀಲರ ಕೆಲಸ. ಆದರೆ ಕಾಗದದಲ್ಲಿ ಇರುವ ಮನೆ ಮತ್ತು ನೆಲದ ಮೇಲೆ ಇರುವ ಮನೆ ಒಂದೇ ಹೌದೋ ಅಂತ ನೋಡುವುದು ಟೇಪು ಹಿಡಿದವನ ಕೆಲಸ. ಪಂಚಾಯಿತಿ ದಾಖಲೆಯಲ್ಲಿ ಎರಡು ಕೋಣೆ, ಎದುರಿಗೆ ನಿಂತದ್ದು ಮಾಳಿಗೆ ಮನೆ. ಹಿಂದಿನ ಬಚ್ಚಲು ಅರಣ್ಯದ ಗಡಿಕಲ್ಲಿನ ಆಚೆ. ನಮ್ಮ ಜಿಲ್ಲೆಯಲ್ಲಿ ಇದು ಹೊಸದಲ್ಲ, ಅಲ್ವಾ? ಅತಿಕ್ರಮಣ, ಶಿರಸಿ ಕಡೆಯಾದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಬೆಟ್ಟದ ಜಾಗ, ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಾದರೆ ಕರಾವಳಿ ನಿಯಂತ್ರಣ ವಲಯ ಅಂದರೆ ಸಿಆರ್‌ಝಡ್. ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಜಮೀನು, ಆಗಿರುವುದು ಎಷ್ಟು ಗುಂಟೆ, ಮನೆ ನಿಂತಿರುವುದು ಆ ಗುಂಟೆಯ ಮೇಲೆಯೇ? ನಕ್ಷೆಯ ಪ್ರತಿಯನ್ನು ತಪಾಸಣೆಯವನ ಕೈಗೂ ಕೊಡಿ, ಅವನು ಅಳೆದದ್ದನ್ನು ವಕೀಲರ ಕೈಗೆ ಕೊಡಿ. ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ.

ಒಮ್ಮೆ ಒಬ್ಬ ತಂಗಿ ಕೇಳಿದರು, ಮಾಡಿಗೆ ಮಳೆಗಾಲ, ಬಾವಿಗೆ ಬೇಸಿಗೆ ಅಂದರೆ ಒಂದು ಮನೆಗೆ ವರ್ಷ ಕಾಯಬೇಕಾ ಅಂತ. ಕಾಯಲು ಆದರೆ ಕಾಯಿರಿ. ಮೇ ಕೊನೆಯಲ್ಲಿ ಬಾವಿ ನೋಡಿ, ಜೂನ್ ಕೊನೆಯಲ್ಲಿ ಮಾಡು ನೋಡಿ, ನಡುವೆ ಒಂದೇ ತಿಂಗಳು. ಆಗದಿದ್ದರೆ, ಕರಾರುಪತ್ರ ಬರೆಯುವಾಗಲೇ ತಪಾಸಣೆಯ ಒಂದು ಸಾಲು ಸೇರಿಸಿ. ಇಂಥ ದಿನದೊಳಗೆ ತಪಾಸಣೆ ಮಾಡಿಸುತ್ತೇವೆ, ದೊಡ್ಡ ದೋಷ ಸಿಕ್ಕರೆ ಅಡ್ವಾನ್ಸ್ ವಾಪಸ್ ಅಂತ. ಮಾರುವವರು ಒಪ್ಪದಿದ್ದರೆ ಅದೂ ಒಂದು ವರದಿಯೇ.

ಮಾರುವವರೆಲ್ಲ ಮುಚ್ಚಿಡುತ್ತಾರೆ ಅಂತ ನಾನು ಹೇಳಿದ ಹಾಗಾಯಿತು. ಹಾಗಲ್ಲ. ಒಂದು ಮಳೆಗಾಲದಲ್ಲಿ ಶಿರಸಿ ಹತ್ತಿರ ಒಂದು ಹೆಂಚಿನ ಮನೆ ನೋಡಲು ಹೋಗಿದ್ದೆ. ವಯಸ್ಸಾದ ಅಮ್ಮ ಒಬ್ಬರೇ ಇದ್ದರು, ಮಗ ಹೊರದೇಶದಲ್ಲಿ. ನಾನು ಏಣಿ ಹಾಕಿ, ಬ್ಯಾಟರಿ ಹಿಡಿದು, ಮೀಟರ್ ಹಚ್ಚಿ ಅರ್ಧ ಗಂಟೆ ಹುಡುಕಿದೆ. ಅವರು ಕೆಳಗೆ ಎಲೆ ಅಡಿಕೆಯ ಕವಳದ ಬಟ್ಟಲು ಹಿಡಿದು ನೋಡುತ್ತಾ ಇದ್ದರು. ಕೊನೆಗೆ ತಡೆಯಲಾಗಲಿಲ್ಲ ಅವರಿಗೆ. "ಅಲ್ಲಲ್ದೋ ತಮಾ, ಇಲ್ ನೋಡು. ಆಷಾಢದಲ್ಲಿ ಇಲ್ ಬಾಲ್ದಿ ಇಡವು" ಅಂದರು. ಆಮೇಲೆ ನನ್ನನ್ನು ಕೈ ಹಿಡಿದಂತೆ ಇಡೀ ಮನೆ ಸುತ್ತಿಸಿದರು. ಯಾವ ಪಕಾಸು ಯಾವಾಗ ಬದಲಾಯಿಸಿದ್ದು, ಯಾವ ಕಿಟಕಿ ಮಳೆಗೆ ಉಬ್ಬಿ ಮುಚ್ಚುವುದಿಲ್ಲ, ಬಾವಿಯಲ್ಲಿ ಮೇ ತಿಂಗಳು ಎಷ್ಟು ಮೊಳ ನೀರು. ನನ್ನ ಮೀಟರ್ ತೋರಿಸಿದ್ದು ಅದರಲ್ಲಿ ಕಾಲುಭಾಗ ಇರಬೇಕು.

ಅವರು ಹೇಳಿದ್ದನ್ನೆಲ್ಲ ವರದಿಯಲ್ಲಿ ಬರೆದೆ. ಕೊಳ್ಳುವ ಹುಡುಗ ಓದಿ, ಚೌಕಾಸಿ ಮಾಡದೆ ಅವರು ಹೇಳಿದ ಬೆಲೆಗೇ ತೆಗೆದುಕೊಂಡ. ಬಾಲ್ದಿಯನ್ನೂ ಅಮ್ಮ ಅಲ್ಲೇ ಬಿಟ್ಟು ಹೋದರಂತೆ.